ಸುವರ್ಣಳ ಗಂಟಲು ಕಟ್ಟಿದ ದಿನ

ಪ್ರಾರ್ಥನೆಯ ಮೂರನೇ ಸಾಲಿಗೆ ಬರುವಷ್ಟರಲ್ಲಿ ಗಿರಿಯಪ್ಪನ ದನಿ ಕೋಳಿಮರಿಯಂತೆ ಕೀಚ್ ಎಂದಿತು. ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕರು. ನಾಲ್ಕನೇ ಸಾಲಿಗೆ ಹುಡುಗರೆಲ್ಲ ಬಾಯಿ ಮುಚ್ಚಿಕೊಂಡರು. ಐದನೇ ಸಾಲಿಗೆ ಹುಡುಗಿಯರೂ ಒಬ್ಬೊಬ್ಬರಾಗಿ ಸುಮ್ಮನಾದರು. ಕೊನೆಗೆ ಹಾಡುತ್ತಾ ಉಳಿದವಳು ಒಬ್ಬಳೇ.

ಅವಳು ಐದನೇ ಕ್ಲಾಸಿನ ಸುವರ್ಣ. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಹಿಂದೂಪುರದ ರೈಲ್ವೆ ಗೇಟಿನವರೆಗೂ ಕೇಳುವಂತೆ ಹಾಡು ಮುಗಿಸಿದಳು. ಕಣ್ಣು ಬಿಟ್ಟು ನೋಡಿದರೆ ಹೆಡ್ ಮೇಷ್ಟ್ರು ಜಯರಾಮಪ್ಪನವರು ಹಣೆ ಒತ್ತಿಕೊಳ್ಳುತ್ತಿದ್ದರು.

"ದಿನಾ ಇದೇ ಕತೆ ಆಯ್ತಲ್ರೋ. ಶುರು ಮಾಡೋರು ಅರವತ್ತು ಜನ, ಮುಗಿಸೋಳು ಒಬ್ಬಳು" ಎಂದರು ಅವರು.

ಸುವರ್ಣಳಿಗೆ ಅದು ಬೈಗುಳದಂತೆ ಕೇಳಿಸಲೇ ಇಲ್ಲ. ಹೊಗಳಿದಂತೆ ಕೇಳಿಸಿತು. ಮೂರನೇ ಕ್ಲಾಸಿನಿಂದಲೂ ಪ್ರಾರ್ಥನೆ ಶುರು ಮಾಡುತ್ತಿದ್ದವಳು ಅವಳೇ. ಅಷ್ಟು ದೊಡ್ಡ ಗಂಟಲು ಆ ಶಾಲೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅವರ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲೇ. ಅಪ್ಪ ದೊಡ್ಡಬಸಪ್ಪ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಬೆಳಿಗ್ಗೆಯಿಂದ ಸಂಜೆಯವರೆಗೆ "ರೊದ್ದಂ, ಕಲ್ಯಾಣದುರ್ಗಂ, ಎಕ್ಕಂಡಿ ಎಕ್ಕಂಡಿ" ಎಂದು ತೆಲುಗಿನಲ್ಲಿ ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವುದು ಅವನ ಕೆಲಸ. ಅಜ್ಜಿ ಹಂಪಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಜ್ಜಿಗೆ ಕೇಳಲಿ ಎಂದು ಅಮ್ಮ ಕೂಗುತ್ತಿದ್ದಳು, ಅಮ್ಮನಿಗೆ ಕೇಳಲಿ ಎಂದು ಸುವರ್ಣ ಕೂಗುತ್ತಿದ್ದಳು. ಉಪ್ಪು ಕೇಳಿದರೂ ಜಗಳವಾಡಿದಂತೆಯೇ ಇರುತ್ತಿತ್ತು.

ಅವತ್ತು ಹೆಡ್ ಮೇಷ್ಟ್ರ ಪಕ್ಕದಲ್ಲಿ ಹೊಸಬರೊಬ್ಬರು ನಿಂತಿದ್ದರು. ಬಿಳಿ ಪಂಚೆ, ದಪ್ಪ ಕನ್ನಡಕ. ಅವರ ಸೈಕಲ್ಲಿನ ಕ್ಯಾರಿಯರಿಗೆ ಒಂದು ಮರದ ಪೆಟ್ಟಿಗೆ ಕಟ್ಟಿತ್ತು.

"ಇವರು ವೆಂಕಟರಾಯಪ್ಪ ಮೇಷ್ಟ್ರು. ಮಂಗಳವಾರ, ಶುಕ್ರವಾರ ಕೊನೇ ಪೀರಿಯಡ್ಡು ಸಂಗೀತ ಹೇಳ್ಕೊಡ್ತಾರೆ" ಎಂದರು ಜಯರಾಮಪ್ಪನವರು.

ಹೊಸ ಮೇಷ್ಟ್ರು ಸುವರ್ಣಳನ್ನೇ ನೋಡಿ ಮುಗುಳ್ನಕ್ಕರು. ಅವಳು ಇನ್ನಷ್ಟು ನೆಟ್ಟಗೆ ನಿಂತಳು.

* * *

ಮೊದಲ ಸಂಗೀತದ ಕ್ಲಾಸು ಕ್ಲಾಸ್‌ರೂಮಿನಲ್ಲಿ ನಡೆಯಲಿಲ್ಲ. ವೆಂಕಟರಾಯಪ್ಪ ಮೇಷ್ಟ್ರು ಎಲ್ಲರನ್ನೂ ಶಾಲೆಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಆ ತೊಟ್ಟಿಗೆ ಎಂಟು ಕಲ್ಲಿನ ಮೆಟ್ಟಿಲುಗಳಿದ್ದವು.

ಪೆಟ್ಟಿಗೆಯ ತಿದಿಯನ್ನು ಮೆಲ್ಲಗೆ ಒತ್ತಿದಾಗ ಅದು ಜೇನುಹುಳದಂತೆ ಒಂದೇ ಸಮನೆ ಗುಂಯ್ ಎಂದಿತು.

"ಇದು ಶ್ರುತಿಪೆಟ್ಟಿಗೆ. ಇದು ಹೇಳೋದು ಒಂದೇ ಮಾತು. ಸ" ಎಂದರು ಮೇಷ್ಟ್ರು. "ಗಿರಿಯಪ್ಪ, ಒಂದೊಂದೇ ಮೆಟ್ಟಿಲು ಹತ್ತು. ನೀನು ಹತ್ತಿದಂಗೆ ನಾವು ಹಾಡ್ತೀವಿ."

ಸ, ರಿ, ಗ, ಮ. ಗಿರಿಯಪ್ಪ ಹತ್ತಿದ. ಪ, ದ, ನಿ. ಎಂಟನೇ ಮೆಟ್ಟಿಲಿನಲ್ಲಿ ಮತ್ತೆ ಸ ಬಂತು, ಆದರೆ ಎತ್ತರದ ಸ. ಎಲ್ಲರಿಗೂ ಖುಷಿಯಾಯಿತು. ನಾಲ್ಕು ಸಲ ಹತ್ತಿಸಿ ಇಳಿಸಿದರು. ಗಿರಿಯಪ್ಪ ಏದುಸಿರು ಬಿಡತೊಡಗಿದ.

"ಸುವರ್ಣ, ಈಗ ನೀನು ಬಾ. ಐದನೇ ಮೆಟ್ಟಿಲ ಮೇಲೆ ನಿಂತ್ಕೋ. ಅಲ್ಲಿಂದ ಏಳು ಮೆಟ್ಟಿಲು ಹತ್ತು."

ಸುವರ್ಣ ಮೇಲೆ ನೋಡಿದಳು. "ಮೇಲೆ ಇರೋದು ಮೂರೇ ಸಾರ್."

"ಅದಾದ ಮೇಲೆ?"

"ತೊಟ್ಟಿಯೊಳಕ್ಕೆ ಬೀಳೋದೇಯ."

ಮಕ್ಕಳು ಬಿದ್ದುಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು.

"ಬೆಳಿಗ್ಗೆ ಪ್ರಾರ್ಥನೇಲಿ ಆಗಿದ್ದೂ ಅದೇ ಕಣಮ್ಮ. ನೀನು ಐದನೇ ಮೆಟ್ಟಿಲಿಂದ ಶುರು ಮಾಡ್ದೆ. ಹಾಡು ಮೇಲಕ್ಕೆ ಹೋಗೋಕೆ ಜಾಗ ಇರ್ಲಿಲ್ಲ."

"ನಾನು ಬೀಳ್ಲಿಲ್ವಲ್ಲ ಸಾರ್. ಕೊನೇ ತನಕ ಹಾಡ್ದೆ."

"ನೀನು ಬೀಳಲ್ಲ. ಮಿಕ್ಕೋರು ಬೀಳ್ತಾರೆ" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಪೆಟ್ಟಿಗೆಯ ಹತ್ತಿರ ಕರೆದು "ಸ" ಹಾಡಿಸಿದರು. ಕೆಲವರ ದನಿ ಪೆಟ್ಟಿಗೆಯ ದನಿಗಿಂತ ಮೇಲೆ ಹೋಯಿತು, ಕೆಲವರದು ಕೆಳಗೆ. ಕೊನೆಗೆ ಬಂದವಳು ಸಣ್ಣಕ್ಕ. ಹದಿನೈದು ದಿನದ ಹಿಂದಷ್ಟೇ ಶಾಲೆಗೆ ಸೇರಿದ್ದ ಹುಡುಗಿ. ಅವಳ ಊರು ಕಲ್ಯಾಣದುರ್ಗದ ಆಚೆಯ ಬ್ರಹ್ಮಸಮುದ್ರ. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಹಾಜರಿ ಕರೆದಾಗ ಅವಳು "ಎಸ್ ಸಾರ್" ಅಂದರೆ ಮೇಷ್ಟ್ರುಗಳು ಎರಡು ಸಲ ಕೇಳಬೇಕಾಗುತ್ತಿತ್ತು.

ಸಣ್ಣಕ್ಕ ಬಾಯಿ ತೆರೆದಳು. ಏನೂ ಕೇಳಿಸಲಿಲ್ಲ ಎಂದು ಸುವರ್ಣಳಿಗೆ ಅನಿಸಿತು. ಆದರೆ ಮೇಷ್ಟ್ರು ತಲೆ ಬಾಗಿಸಿ ಕೇಳಿದರು. ಅವರ ಮುಖ ಅರಳಿತು.

"ನೆಟ್ಟಗೆ ಹೋಗಿ ಸ ಮೇಲೆ ಕೂತ್ಕೊಂತು ನೋಡಿ. ನಾಳೆಯಿಂದ ಪ್ರಾರ್ಥನೆ ಸಣ್ಣಕ್ಕ ಶುರು ಮಾಡ್ಲಿ."

ಸುವರ್ಣಳ ಕಿವಿ ಬಿಸಿಯಾಯಿತು.

* * *

ಮಾರನೇ ದಿನ ಪ್ರಾರ್ಥನೆಗೆ ಯಾರ ದನಿಯೂ ಒಡೆಯಲಿಲ್ಲ. ಅರವತ್ತು ಮಕ್ಕಳೂ ಕೊನೆಯ ಸಾಲಿನವರೆಗೆ ಹಾಡಿದರು. ಗಿರಿಯಪ್ಪನಂತೂ ಹಾಡು ಮುಗಿದ ಮೇಲೂ ಒಂದು ಕ್ಷಣ ಹಾಡುತ್ತಲೇ ಇದ್ದ.

ಸುವರ್ಣ ಮಾತ್ರ ಎರಡನೇ ಸಾಲಿನಿಂದ ಎಂದಿಗಿಂತ ಜೋರಾಗಿ ಹಾಡಿದಳು.

ಕ್ಲಾಸುಗಳು ನಡೆದವು. ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕುವುದನ್ನು ಹೇಳಿಕೊಟ್ಟರು. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಗಿರಿಯಪ್ಪನ ಕಿರುಬೆರಳು ಒಂದೇ ಮಡಚಿಕೊಳ್ಳುತ್ತಲೇ ಇರಲಿಲ್ಲ, ಪಕ್ಕದ ಬೆರಳನ್ನೂ ಎಳೆದುಕೊಂಡೇ ಬರುತ್ತಿತ್ತು. ಮನೆಗೆ ಹೋಗುವಾಗ ಎಲ್ಲರ ತೊಡೆಯೂ ಕೆಂಪಗಿರುತ್ತಿತ್ತು. ಬೀದಿಯಲ್ಲಿ, ಊಟಕ್ಕೆ ಕೂತಲ್ಲಿ, ಎಲ್ಲೆಲ್ಲೂ ಮಕ್ಕಳು ತಾಳ ಹಾಕುತ್ತಿದ್ದರು.

ಒಂದು ಶುಕ್ರವಾರ ಮೇಷ್ಟ್ರು ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು. ಸುವರ್ಣಳ ಬೆನ್ನಿಗೆ ಸಣ್ಣಕ್ಕ ಬಂದಳು.

"ಎಲ್ರೂ ಸ ಹಾಡ್ರಿ. ರೂಲ್ ಒಂದೇ. ನಿಮ್ಮ ಬೆನ್ನ ಹಿಂದೆ ಇರೋರ ದನಿ ನಿಮಗೆ ಕೇಳಿಸ್ತಾ ಇರಬೇಕು."

ಎಲ್ಲರೂ ಹಾಡಿದರು. ಸುವರ್ಣಳೂ ಹಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಕೈ ಎತ್ತಿದಳು.

"ಸಾರ್, ಸಣ್ಣಕ್ಕ ಹಾಡ್ತಾನೇ ಇಲ್ಲ. ಬರೀ ಬಾಯಿ ಆಡಿಸ್ತಾವ್ಳೆ."

"ಹಾಡ್ತಾವ್ಳೆ ಕಣಮ್ಮ."

"ಇಲ್ಲ ಸಾರ್. ನಂಗೆ ಒಂಚೂರೂ ಕೇಳಿಸ್ಲಿಲ್ಲ. ಸುಳ್ಳು ಸುಳ್ಳೇ ಹಾಡ್ತಾಳೆ. ಪ್ರಾರ್ಥನೇಲೂ ಹಂಗೇ."

ಸುವರ್ಣಳ ಬೆನ್ನಿಗೆ ತಾಗಿದ್ದ ಸಣ್ಣಕ್ಕನ ಬೆನ್ನು ಮೆಲ್ಲಗೆ ದೂರ ಸರಿಯಿತು. ತಿರುಗಿ ನೋಡಿದರೆ ಅವಳು ತಲೆ ತಗ್ಗಿಸಿ ಲಂಗದ ಅಂಚನ್ನು ತಿರುಚುತ್ತಿದ್ದಳು. ಕಣ್ಣಿಂದ ಒಂದು ಹನಿ ಲಂಗದ ಮೇಲೆ ಬಿತ್ತು.

ಮೇಷ್ಟ್ರು ಯಾರನ್ನೂ ಬೈಯಲಿಲ್ಲ. "ಇನ್ನೊಂದ್ಸಲ ಹಾಡಾಣ" ಎಂದಷ್ಟೇ ಹೇಳಿದರು. ಸುವರ್ಣಳಿಗೆ ಗೆದ್ದಂತೆ ಅನಿಸಬೇಕಾಗಿತ್ತು. ಆದರೆ ಅನಿಸಲಿಲ್ಲ.

* * *

ಆಗ ಬಂತು ಕಲ್ಯಾಣದುರ್ಗದ ಕಾಗದ. ಸುತ್ತಲಿನ ಕನ್ನಡ ಶಾಲೆಗಳ ಮಕ್ಕಳಿಗೆ ಗ್ರೂಪ್ ಸಾಂಗ್ ಪೋಟಿ, ಅಂದರೆ ಗುಂಪಾಗಿ ಹಾಡುವ ಸ್ಪರ್ಧೆ. ಒಂದು ಶಾಲೆಯಿಂದ ಹನ್ನೆರಡು ಮಕ್ಕಳು.

ಮೇಷ್ಟ್ರು ತಾವೇ ಒಂದು ಹಾಡು ಕಟ್ಟಿದರು. "ಬಾರೋ ಮೋಡವೇ ನಮ್ಮೂರಿಗೆ, ಬೆಟ್ಟವ ಇಳಿದು ಬಯಲೂರಿಗೆ" ಎಂದು ಶುರುವಾಗುತ್ತಿದ್ದ ಆ ಹಾಡಿನ ಮೊದಲ ಸಾಲನ್ನು ಒಬ್ಬರೇ ಹಾಡಬೇಕು. ಆಮೇಲೆ ಎಲ್ಲರೂ ಸೇರಬೇಕು. ಮೊದಲ ಸಾಲು ಸಣ್ಣಕ್ಕನಿಗೆ ಸಿಕ್ಕಿತು. ಹನ್ನೆರಡು ಮಂದಿಯಲ್ಲಿ ಸುವರ್ಣಳೂ ಇದ್ದಳು.

ಪೋಟಿಯ ಹಿಂದಿನ ದಿನ ಸಂಜೆ ಸುವರ್ಣ ಮಾಳಿಗೆ ಹತ್ತಿದಳು. ಅಜ್ಜಿ ಅಲ್ಲಿ ಒಣಹಾಕಿದ್ದ ಹುಣಸೆಹಣ್ಣನ್ನು ಮೊರಕ್ಕೆ ತುಂಬುತ್ತಿದ್ದಳು.

"ಅಜ್ಜಿ, ನಾಳೆ ಕಲ್ಯಾಣದುರ್ಗದಾಗೆ ಪೋಟಿ ಐತೆ."

"ರೊಟ್ಟಿನಾ? ರೊಟ್ಟಿ ಯಾಕಮ್ಮ, ಒಲೆ ಮ್ಯಾಲೆ ಮುದ್ದೆ ಐತಲ್ಲ."

"ರೊಟ್ಟಿ ಅಲ್ಲ ಅಜ್ಜಿ, ಪೋಟಿ. ಹಾಡೋ ಪೋಟಿ. ಹಾಡ್ತೀನಿ, ಕೇಳು."

ಹಾಡಿದಳು. ಅಜ್ಜಿ ಕಿವಿಗೆ ಕೈ ಹಿಡಿದು, "ಬಾಯಿ ಮಾತ್ರ ಕಾಣ್ತೈತೆ ಕಣಮ್ಮ. ಇನ್ನೊಂದ್ಸಲ ಹೇಳು" ಎಂದಳು.

ಸುವರ್ಣ ಇನ್ನೂ ಜೋರಾಗಿ ಹಾಡಿದಳು. ಅಜ್ಜಿಗೆ ಕೇಳಿಸಿದರೆ ಕಲ್ಯಾಣದುರ್ಗದ ಜನಕ್ಕೆಲ್ಲ ಕೇಳಿಸಿದಂತೆಯೇ. ಸಣ್ಣಕ್ಕ ಮೊದಲ ಸಾಲು ಹಾಡಲಿ ಬೇಕಾದರೆ, ಎರಡನೇ ಸಾಲಿನಿಂದ ಹಾಡು ತನ್ನದೇ ಎಂದುಕೊಂಡಳು. ಐದು ಸಲ, ಹತ್ತು ಸಲ ಹಾಡಿದಳು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಕೆಳಗಿನಿಂದ ಅಮ್ಮ ಏನೋ ಕೂಗಿದಳು. ಹದಿನೈದನೇ ಸಲಕ್ಕೆ ಅಜ್ಜಿ ತಲೆದೂಗಿದಳು.

"ಈಗ ಕೇಳಿಸ್ತು. ಚೆಂದಾಗೈತೆ ಕಣಮ್ಮ."

ಬೆಳಿಗ್ಗೆ ಎದ್ದು "ಅಮ್ಮ" ಎಂದು ಕರೆಯಲು ಬಾಯಿ ತೆರೆದರೆ ಬಂದದ್ದು ಗಾಳಿ. ಇನ್ನೊಮ್ಮೆ ಕರೆದಳು. ಹಳೇ ಬಾಗಿಲು ಉಜ್ಜಿದಂತೆ ಒಂದು ಸದ್ದು ಬಂತು.

ಅಮ್ಮ ಉಪ್ಪುನೀರು ಕೊಟ್ಟು ಗಂಟಲು ಮುಕ್ಕಳಿಸುವಂತೆ ಮಾಡಿದಳು. ಮೆಣಸು, ಬೆಲ್ಲ ಹಾಕಿ ಕಷಾಯ ಕುಡಿಸಿದಳು. ಅದರಿಂದ ಏನೂ ಆಗಲಿಲ್ಲ. ಸುವರ್ಣ ಮೂಲೆಯಲ್ಲಿ ಕೂತು ಅತ್ತಳು. ಅಳುವಿನಲ್ಲೂ ಸದ್ದಿರಲಿಲ್ಲ.

ಬಸ್‌ ಸ್ಟ್ಯಾಂಡಿನಲ್ಲಿ ವೆಂಕಟರಾಯಪ್ಪ ಮೇಷ್ಟ್ರು ಅವಳ ಗಂಟಲು ಕೇಳಿ, "ಆಗ್ಲಿ ಬಾ. ಎಷ್ಟು ಬರ್ತದೋ ಅಷ್ಟೇ ಹಾಡು" ಎಂದರು.

* * *

ಅವರು ಹತ್ತಿದ್ದು ಅಪ್ಪನ ಬಸ್ಸನ್ನೇ. ಮೇಷ್ಟ್ರು ಹಾಡುವಾಗ ನಿಲ್ಲುವ ಸಾಲಿನಂತೆಯೇ ಮಕ್ಕಳನ್ನು ಕೂರಿಸಿದರು. ಸುವರ್ಣಳ ಪಕ್ಕಕ್ಕೆ ಸಣ್ಣಕ್ಕ ಬಂದಳು. ಕಿಟಕಿಯ ಕಡೆ ತಿರುಗಿ ಕೂತಳು. ಬೆನ್ನಿಗೆ ಬೆನ್ನು ಕೊಟ್ಟು ಕೂತ ಆ ಶುಕ್ರವಾರದಿಂದ ಅವರಿಬ್ಬರೂ ಮಾತಾಡಿರಲಿಲ್ಲ. ಇವತ್ತು ಮಾತಾಡೋಣವೆಂದರೆ ಸುವರ್ಣಳಿಗೆ ದನಿಯೇ ಇಲ್ಲ.

ಹಿಂದಿನ ಸೀಟಿನಲ್ಲಿ ಗಿರಿಯಪ್ಪ ಡ್ರೈವರಿನಂತೆ ಗೇರ್ ಹಾಕುತ್ತಿದ್ದ. ಯಾರೋ ಕಡಲೆಮಿಠಾಯಿ ಹಂಚಿದರು. ಎಲ್ಲರೂ ಹರಟುತ್ತಿದ್ದರು. ಸುವರ್ಣ ಸುಮ್ಮನೆ ಕೂತಿದ್ದಳು. ಹಿಂದೆ ಎಂದಾದರೂ ಇಷ್ಟು ಹೊತ್ತು ಸುಮ್ಮನೆ ಕೂತಿದ್ದು ಅವಳಿಗೆ ನೆನಪೇ ಇರಲಿಲ್ಲ.

ರೊದ್ದಂನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಡ್ರೈವರ್ ಇಂಜಿನ್ ಆರಿಸಿ ಟೀ ಕುಡಿಯಲು ಇಳಿದ. ಮಕ್ಕಳೂ ನೀರು ಕುಡಿಯಲು ಓಡಿದರು. ಬಸ್ಸು ಒಮ್ಮೆಲೇ ಖಾಲಿಯಾಗಿ ನಿಶ್ಶಬ್ದವಾಯಿತು.

ಆಗ ಸುವರ್ಣಳಿಗೆ ಏನೋ ಕೇಳಿಸಿತು.

ಮೊದಲಿಗೆ ಮೇಷ್ಟ್ರು ಶ್ರುತಿಪೆಟ್ಟಿಗೆ ಒತ್ತುತ್ತಿದ್ದಾರೆ ಅಂದುಕೊಂಡಳು. ಆದರೆ ಮೇಷ್ಟ್ರು ಕೆಳಗಿದ್ದರು. ಪೆಟ್ಟಿಗೆ ಸೀಟಿನ ಮೇಲೆ ಮುಚ್ಚಿಯೇ ಇತ್ತು. ಸದ್ದು ಬರುತ್ತಿದ್ದುದು ಪಕ್ಕದಿಂದ.

ಸಣ್ಣಕ್ಕ ಕಿಟಕಿಗೆ ಹಣೆ ಒರಗಿಸಿ, ಬಾಯಿ ಮುಚ್ಚಿಕೊಂಡೇ, "ಸ" ಗುನುಗುತ್ತಿದ್ದಳು. ಉಸಿರು ಮುಗಿದಾಗ ಉಸಿರು ಎಳೆದುಕೊಂಡು ಮತ್ತೆ ಅದೇ ಸ. ಒಂದು ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ. ಸಣ್ಣ ದನಿಯೇ. ಆದರೆ ನೀರಿನ ಹನಿಯಂತೆ ದುಂಡಗಿತ್ತು.

ಹಿಂದೂಪುರದಿಂದ ಹೀಗೇ ಗುನುಗುತ್ತಾ ಬಂದಳೇ ಇವಳು? ಶ್ರುತಿ ತಪ್ಪಬಾರದೆಂದೇ?

ಸುವರ್ಣ ಅಲುಗಾಡದೆ ಕೂತು ಕೇಳಿದಳು. ಬೆನ್ನಿಗೆ ಬೆನ್ನು ಕೊಟ್ಟು ಕೂತ ದಿನ ನೆನಪಾಯಿತು. ಲಂಗದ ಮೇಲೆ ಬಿದ್ದ ಹನಿ ನೆನಪಾಯಿತು. ಕಷಾಯದ ಮೆಣಸು ಇನ್ನೂ ಗಂಟಲಲ್ಲೇ ಇದ್ದಂತೆ ಒಳಗೆಲ್ಲ ಚುರುಗುಟ್ಟಿತು.

ಇಂಜಿನ್ ಮತ್ತೆ ಶುರುವಾಯಿತು. ಆ ದನಿ ಮುಳುಗಿತು. ಆದರೂ ಈಗ ಸುವರ್ಣಳಿಗೆ ಅದು ಇದೆಯೆಂದು ಗೊತ್ತಿತ್ತು. ಕಿವಿ ಕೊಟ್ಟರೆ ಇಂಜಿನ್ನಿನ ಗದ್ದಲದ ಒಳಗೂ ಅದು ಸಣ್ಣಗೆ ಸಿಗುತ್ತಿತ್ತು. ಕಲ್ಯಾಣದುರ್ಗದವರೆಗೂ ಅವಳು ಅದನ್ನು ಹಿಡಿದುಕೊಂಡೇ ಕೂತಳು.

* * *

ಅಲ್ಲಿ ದೊಡ್ಡ ಶಾಮಿಯಾನ, ತುಂಬ ಜನ. ಮೈಕಿನವನು ಆಗಾಗ "ಹಲೋ, ಟೆಸ್ಟಿಂಗ್" ಅನ್ನುತ್ತಿದ್ದ. ಐದಾರು ಶಾಲೆಗಳು ಹಾಡಿದ ಮೇಲೆ ಹಿಂದೂಪುರದವರು ಬನ್ನಿ ಎಂದು ತೆಲುಗಿನಲ್ಲಿ ಕೂಗು ಬಂತು.

"ನೆಕ್ಸ್ಟ್ ಹಿಂದೂಪುರಂ ಸ್ಕೂಲ್ ವಾಳ್ಳು ರಂಡಿ."

ಹನ್ನೆರಡು ಮಂದಿ ಸ್ಟೇಜು ಹತ್ತಿದರು. ಮೇಷ್ಟ್ರು ಕೆಳಗೆ ಕೂತು ಶ್ರುತಿಪೆಟ್ಟಿಗೆ ಒತ್ತತೊಡಗಿದರು. ಮೊದಲ ಸಾಲಿನಲ್ಲಿ ತಲೆಗೆ ಸೆರಗು ಹೊದ್ದ ಹೆಂಗಸೊಬ್ಬಳು ಎದ್ದು ನಿಂತು ಸಣ್ಣಕ್ಕನಿಗೆ ಕೈ ಮಾಡಿದಳು. ಅವಳು ಸಣ್ಣಕ್ಕನ ತಾಯಿ ಮುನಿಯಕ್ಕ. ಬೆಳಿಗ್ಗೆಯ ಬಸ್ಸಿಗೆ ಬ್ರಹ್ಮಸಮುದ್ರದಿಂದ ಬಂದಿದ್ದಳು.

ಮೈಕನ್ನು ಸಣ್ಣಕ್ಕನ ಎತ್ತರಕ್ಕೆ ಇಳಿಸಿದರು. ಇಳಿಸಿದ್ದೇ ತಡ, ಅದು ಕುಂಯ್ ಎಂದು ಕಿವಿ ಕಿತ್ತುಹೋಗುವಂತೆ ಕಿರುಚಿತು. ಜನ ಕಿವಿ ಮುಚ್ಚಿಕೊಂಡರು. ಪಕ್ಕದಲ್ಲಿ ಒಂದು ಮಗು ಅಳತೊಡಗಿತು. ಎಲ್ಲೆಲ್ಲೂ ಗುಜುಗುಜು.

ಸಣ್ಣಕ್ಕ ಬೆಚ್ಚಿಬಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಆ ಗದ್ದಲದಲ್ಲಿ ಪೆಟ್ಟಿಗೆಯ ದನಿ ಸ್ಟೇಜಿನವರೆಗೆ ಬರಲೇ ಇಲ್ಲ. ಅವಳ ಕಣ್ಣು ಅತ್ತಿತ್ತ ಓಡಾಡಿತು. ಇಷ್ಟು ದೂರ ಜೋಪಾನವಾಗಿ ತಂದ ಸ ಅವಳ ಕೈಯಿಂದ ಜಾರಿಬಿದ್ದಿತ್ತು.

"ಶುರು ಮಾಡೇ" ಎಂದು ಹಿಂದಿನಿಂದ ಗಿರಿಯಪ್ಪ ಪಿಸುಗುಟ್ಟಿದ.

ಬೇರೆ ದಿನವಾಗಿದ್ದರೆ ಸುವರ್ಣ ಮುಂದೆ ನುಗ್ಗಿ ಹಾಡು ಶುರು ಮಾಡಿಬಿಡುತ್ತಿದ್ದಳು. ಇವತ್ತು ಗಂಟಲಲ್ಲಿ ಇದ್ದದ್ದು ಒಂದು ಚಿಟಿಕೆ ದನಿ. ಆದರೆ ಕಿವಿಯಲ್ಲಿ ಸ ಇನ್ನೂ ಹಾಗೇ ಇತ್ತು.

ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಸಣ್ಣಕ್ಕನ ಕಿವಿಯ ಹತ್ತಿರ ಬಾಯಿ ತಂದು, ಬಾಯಿ ಮುಚ್ಚಿಕೊಂಡೇ ಗುನುಗಿದಳು. ದನಿ ಒರಟಾಗಿತ್ತು, ಅಲ್ಲಲ್ಲಿ ಹರಿದಿತ್ತು. ಆದರೆ ಅದೇ ಸ. ಮೈಕಿಗೆ ಅದು ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೂತವರಿಗೂ ಕೇಳಿಸಲಿಲ್ಲ.

ಸಣ್ಣಕ್ಕನಿಗೆ ಕೇಳಿಸಿತು. ಅವಳು ಓರೆಗಣ್ಣಿನಲ್ಲಿ ಸುವರ್ಣಳನ್ನು ನೋಡಿದಳು. ಆಮೇಲೆ ಉಸಿರು ತುಂಬಿಕೊಂಡಳು.

"ಬಾರೋ ಮೋಡವೇ ನಮ್ಮೂರಿಗೆ..."

ಗುಜುಗುಜು ನಿಂತಿತು. ಎರಡನೇ ಸಾಲಿಗೆ ಎಲ್ಲರೂ ಸೇರಿದರು. ಸುವರ್ಣಳೂ ತನ್ನಲ್ಲಿದ್ದ ಚಿಟಿಕೆ ದನಿಯನ್ನು ಅದಕ್ಕೆ ಸೇರಿಸಿದಳು. ಹಾಡು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಯಿತು. ಎತ್ತರದ ಸಾಲು ಬಂತು. ಯಾರೂ ಬೀಳಲಿಲ್ಲ. ಗಿರಿಯಪ್ಪನೂ ಕೂಡ ತುದಿ ಮುಟ್ಟಿ, ಸಾವಕಾಶವಾಗಿ ಇಳಿದ.

ನಡುವೆ ಒಮ್ಮೆ ಸುವರ್ಣ ತನ್ನ ದನಿ ಎಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ. ಹಾಡುತ್ತಿರುವುದಂತೂ ನಿಜ, ಎದೆ ಕಂಪಿಸುತ್ತಿತ್ತು. ಆದರೆ ಯಾವುದು ತನ್ನದು, ಯಾವುದು ಸಣ್ಣಕ್ಕನದು ಎಂದು ಬಿಡಿಸಲು ಆಗಲೇ ಇಲ್ಲ.

* * *

ಮೊದಲ ಬಹುಮಾನ ಬೇರೆ ಶಾಲೆಯ ಪಾಲಾಯಿತು. ಹಿಂದೂಪುರಕ್ಕೆ ಎರಡನೆಯದು. ಒಂದು ಗೋಡೆ ಗಡಿಯಾರ. ಗಿರಿಯಪ್ಪ ಅದನ್ನು ಎದೆಗೆ ಅವಚಿಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ಮುನಿಯಕ್ಕ ಬೇಯಿಸಿ ತಂದಿದ್ದ ಕಡಲೆಕಾಯಿಯನ್ನು ಎಲ್ಲರ ಮಡಿಲಿಗೂ ಸುರಿದಳು.

ಅಪ್ಪ ಶಾಮಿಯಾನದ ಹಿಂದೆ ನಿಂತು ಕೇಳಿದ್ದ.

"ಚೆಂದಾಗಿತ್ತು ಕಣಮ್ಮ. ಆದ್ರೆ ನಿನ್ ದನಿ ಒಂಚೂರೂ ಕೇಳಿಸ್ಲಿಲ್ವಲ್ಲ. ಹಾಡ್ದೋ ಇಲ್ವೋ?"

"ಹಾಡ್ದೆ ಕಣಪ್ಪ" ಎಂದಳು ಸುವರ್ಣ, ಒಡಕು ದನಿಯಲ್ಲಿ.

ಬಸ್ಸಿನಲ್ಲಿ ಸಣ್ಣಕ್ಕ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಕಡಲೆಕಾಯಿ ಸುಲಿದು ಒಂದನ್ನು ತಾನು ತಿಂದಳು, ಇನ್ನೊಂದನ್ನು ಸುವರ್ಣಳ ಕೈಗೆ ಹಾಕಿದಳು.

"ಅವತ್ತು ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ನೀನು ಹಾಡ್ತಿದ್ದೆ ಅಲ್ವಾ?" ಎಂದು ಕೇಳಿದಳು ಸುವರ್ಣ.

"ಹೂಂ."

"ನಂಗೆ ಕೇಳಿಸಿರ್ಲಿಲ್ಲ ಕಣೇ."

ಸಣ್ಣಕ್ಕ ಇನ್ನೊಂದು ಕಾಯಿ ಸುಲಿದಳು. "ಇನ್ನೆರಡು ದಿನಕ್ಕೆ ನಿನ್ ಗಂಟ್ಲು ಬತ್ತೈತೆ ಬಿಡು" ಎಂದಳು.

ಹಿಂದಿನ ಸೀಟಿನಲ್ಲಿ ಯಾರೋ ಹಾಡು ಶುರು ಮಾಡಿದರು. ಎಲ್ಲರೂ ಸೇರಿಕೊಂಡರು, ಸಣ್ಣಕ್ಕನೂ ಸೇರಿದಳು. ಸುವರ್ಣ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.

ಆ ಮೂಗಿನಿಂದ ಬರುವ ದನಿ ಗಿರಿಯಪ್ಪನದು. ಪ್ರತಿ ಸಾಲಿನ ಕೊನೆಗೆ ಸಣ್ಣಗೆ ನಡುಗುವುದು ನಾಗಕ್ಕನದು. ಒಂದನೇ ಕ್ಲಾಸಿನಿಂದಲೂ ನಾಗಕ್ಕ ಅವಳ ಪಕ್ಕದಲ್ಲೇ ನಿಂತು ಪ್ರಾರ್ಥನೆ ಹಾಡುತ್ತಿದ್ದಳು. ಅವಳ ದನಿ ನಡುಗುತ್ತದೆಂದು ಸುವರ್ಣಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಆ ದಪ್ಪ ದನಿ ಶ್ರೀರಾಮುಲುವಿನದು ಇರಬೇಕು. ಅವನು ಹಾಡುವುದು ಇಷ್ಟು ದಿನ ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಇನ್ನೂ ಇಬ್ಬರ ದನಿ ಯಾರದೆಂದು ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಗೊತ್ತಾಗಿಬಿಡುತ್ತಿತ್ತು. ಸುವರ್ಣ ಕಣ್ಣು ಬಿಡಲಿಲ್ಲ. ಹಾಗೇ ಕೇಳುತ್ತಾ ಕೂತಳು.